ಪದಚರ್ಚೆ: ಜನರೇಟೆಡ್ ಫೈಲ್‌ಗೆ ‘ಜನ್ಯ ಕಡತ’ ಎನ್ನಬಹುದೇ?

ಮಾನ್ಯರೇ,

ಆವೃತ್ತಿ ನಿಯಂತ್ರಣವನ್ನು (ಕಡತಗಳಲ್ಲಾಗುವ ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆಯನ್ನು) ಕುರಿತ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಯಾರೂ ಕೈಯಾರೆ ಬರೆಯದೆ, ಕಂಪೈಲರ್‌ನಂತಹ ಉಪಕರಣವೊಂದು ಬೇರೊಂದು ಕಡತವನ್ನು ಓದಿ ತಾನೇ ತಯಾರಿಸುವ ಕಡತಗಳಿಗೆ, ಅಂದರೆ ‘ಜನರೇಟೆಡ್ ಫೈಲ್’ಗಳಿಗೆ, ಸೂಕ್ತ ಪದ ಬೇಕಾಗಿದೆ. ‘ಸ್ವಯಂಚಾಲಿತ ಕಡತ’ ಎಂಬುದನ್ನು ನಾನು ಒಪ್ಪಲಾರೆ. ತಾನಾಗಿ ನಡೆಯುವುದು ಕಡತದ ತಯಾರಿಯೇ ಹೊರತು ಕಡತವಲ್ಲ. ‘ಉತ್ಪಾದಿತ ಕಡತ’ ತಪ್ಪಲ್ಲವಾದರೂ, ಅದು ಯಾವುದರಿಂದ ಹುಟ್ಟಿತು ಎಂಬ ಮುಖ್ಯ ಸಂಗತಿಯನ್ನು ಸೂಚಿಸುವುದಿಲ್ಲ.

ನನಗೆ ಹೊಳೆದದ್ದು ಸಂಗೀತದ ಜನಕ ರಾಗ, ಜನ್ಯ ರಾಗಗಳ ಜೋಡಿ. ಹಾಗೆಯೇ ಇಲ್ಲಿಯೂ, ಆಟೋಕಾನ್ಫ್ ಎಂಬ ಉಪಕರಣ ಓದುವ ‘ಕಾನ್ಫಿಗರ್.ಎಸಿ’ ಜನಕ ಕಡತ, ಅದರಿಂದ ಹುಟ್ಟುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಜನ್ಯ ಕಡತ. ಜನಕವನ್ನು ರೆಪೊಸಿಟರಿಯಲ್ಲಿ, ಅಂದರೆ ಆವೃತ್ತಿಗಳನ್ನು ಕಾಪಿಡುವ ಭಂಡಾರದಲ್ಲಿ, ಇಟ್ಟರೆ ಸಾಕು, ಜನ್ಯವನ್ನು ಬೇಕಾದಾಗ ಪಡೆದುಕೊಳ್ಳಬಹುದು ಎಂಬ ರೂಢಿಯ ಸಲಹೆಯನ್ನೂ ಈ ಜೋಡಿಯಿಂದ ಚುಟುಕಾಗಿ ಹೇಳಬಹುದು. ಇಬ್ಬರ ಬಳಿ ಉಪಕರಣದ ಬೇರೆ ಬೇರೆ ಆವೃತ್ತಿಗಳಿದ್ದರೆ ಜನಕದಲ್ಲಿ ಒಂದು ಸಾಲು ತಿದ್ದಿದರೂ ಜನ್ಯದಲ್ಲಿ ನೂರಾರು ಸಾಲುಗಳು ಬದಲಾಗುವುದುಂಟು. ಅಂಥದ್ದನ್ನು ಪರಿಶೀಲಕರು ಓದದೆ ದಾಟಿಬಿಡುತ್ತಾರೆ. (ಹಾಗೆಂದು ರೆಪೊಸಿಟರಿಯಿಂದ ಹೊರಗಿಟ್ಟ ಮಾತ್ರಕ್ಕೆ ಅಪಾಯ ತಪ್ಪಿತೆನ್ನಲಾಗದು. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಯುಟಿಲ್ಸ್ ಎಂಬ ಸಂಕುಚನ ತಂತ್ರಾಂಶದ ಹಿಂಬಾಗಿಲಿಗೆ, ಅಂದರೆ ಗುಟ್ಟಾಗಿ ಒಳನುಗ್ಗಲು ಅಡಗಿಸಿಟ್ಟ ಸಂಕೇತಕ್ಕೆ, ಚಾಲನೆ ಕೊಡುತ್ತಿದ್ದ, ‘ಕಾನ್ಫಿಗರ್’ ತಯಾರಿಗೆ ಬಳಕೆಯಾಗುವ ಎಂ4 ಕಡತವು ಬಿಡುಗಡೆಯ ಟಾರ್‌ಬಾಲ್‌ನಲ್ಲಿ, ಅಂದರೆ ಹಂಚಲು ಕಟ್ಟಿದ ಕಡತಗಳ ಗಂಟಿನಲ್ಲಿ, ಇತ್ತು; ಆವೃತ್ತಿ ನಿಯಂತ್ರಣದ ಉಪಕರಣವಾದ ಗಿಟ್‌ನ ರೆಪೊಸಿಟರಿಯಲ್ಲಿ ಇರಲಿಲ್ಲ.)

ತೊಡಕು ಶುರುವಾಗುವುದು ಅನುವಾದಕರಾದ ನಮಗೆಲ್ಲ ಪರಿಚಿತವಾದ ಗೆಟ್‌ಟೆಕ್ಸ್ಟ್ (ತಂತ್ರಾಂಶದ ಸಂದೇಶಗಳ ಅನುವಾದಕ್ಕೆ ಬಳಸುವ ಉಪಕರಣಗಳ ಸಮೂಹ) ಕಡತಗಳಲ್ಲಿ. ಮೂಲ ಸಂಕೇತದಿಂದ ಎಕ್ಸ್‌ಗೆಟ್‌ಟೆಕ್ಸ್ಟ್ ಎಂಬ ಉಪಕರಣ ಅನುವಾದಿಸಬೇಕಾದ ಸಂದೇಶಗಳನ್ನು ಹೆಕ್ಕಿ ತಯಾರಿಸುವ ಪಿಒಟಿ ಕಡತವೂ, ಅನುವಾದದಿಂದ ಎಂಎಸ್‌ಜಿಎಫ್‌ಎಂಟಿ ಕಟ್ಟಿಕೊಡುವ, ಯಂತ್ರ ಓದುವ ಎಂಒ ಕಡತವೂ ನಿಸ್ಸಂದೇಹವಾಗಿ ಜನ್ಯ. ಇವೆರಡರ ನಡುವಿನ, ಅನುವಾದಕರು ಅನುವಾದ ತುಂಬುವ ಪಿಒ ಕಡತ ಹಾಗಲ್ಲ. ಹೊಸ ಪಿಒಟಿಗೆ ಹೊಂದಿಸುವ ಎಂಎಸ್‌ಜಿಮರ್ಜ್ ಉಪಕರಣ ಅದನ್ನು ಪ್ರತಿ ಬಾರಿಯೂ ಹೊಸದಾಗಿ ಬರೆಯುತ್ತದೆ, ಸಾಲುಸಂಖ್ಯೆಗಳನ್ನು ಬದಲಿಸುತ್ತದೆ, ತಲೆಬರಹದಲ್ಲಿನ ಪಿಒಟಿ ರಚನೆಯ ದಿನಾಂಕವನ್ನು ತಿದ್ದುತ್ತದೆ; ಆ ಒಂದು ಸಾಲಿನ ಸಲುವಾಗಿಯೇ ಇಬ್ಬರ ತಿದ್ದುಪಡಿಗಳನ್ನು ಕೂಡಿಸುವಾಗ ಮರ್ಜ್ ಘರ್ಷಣೆಗಳಾಗುತ್ತವೆ. ಆದರೂ ಅದರೊಳಗಿನ ಅನುವಾದ ಮನುಷ್ಯರದು, ಅಳಿಸಿದರೆ ಯಾವ ಉಪಕರಣವೂ ಅದನ್ನು ಮರಳಿಸಲಾರದು. ಆದ್ದರಿಂದ ಕಡತವನ್ನು ಕಡೆಯದಾಗಿ ಬರೆದವರು ಯಾರು ಎಂಬುದನ್ನಲ್ಲ, ಜನಕವೊಂದೇ ಇದ್ದರೆ ಅದನ್ನು ಮತ್ತೆ ಪಡೆಯಲು ಸಾಧ್ಯವೇ ಎಂಬುದನ್ನು ‘ಜನ್ಯ’ದ ಲಕ್ಷಣವಾಗಿ ಹಿಡಿಯಬೇಕೆಂದು ನನ್ನ ಅಭಿಪ್ರಾಯ. ಹಾಗೆ ಹಿಡಿದರೆ ಪಿಒ ಕಡತಕ್ಕೆ ರೆಪೊಸಿಟರಿಯಲ್ಲಿ ಜಾಗ ಇರಲೇಬೇಕು.

ಇದಕ್ಕೆ ಹೊಂದಿಕೊಂಡ ‘ಇಗ್ನೋರ್’ ಎಂಬುದಕ್ಕೆ ‘ಕಡೆಗಣಿಸು’ ಸಾಕೆನಿಸುತ್ತದೆ. ಆದರೆ ಕಡೆಗಣಿಸಬೇಕಾದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿ ಹೆಸರು ಬರೆದರೂ, ಈಗಾಗಲೇ ಕಮಿಟ್ ಆಗಿರುವ (ರೆಪೊಸಿಟರಿಯಲ್ಲಿ ದಾಖಲಾಗಿರುವ) ಕಡತವನ್ನು ಗಿಟ್ ಕಡೆಗಣಿಸುವುದಿಲ್ಲ. ಅದನ್ನು ಮೊದಲು ‘ಗಿಟ್ ಆರ್‌ಎಂ’ ಆದೇಶಕ್ಕೆ ‘ಕ್ಯಾಶ್ಡ್’ ಆಯ್ಕೆ ಸೇರಿಸಿ ಇಂಡೆಕ್ಸ್‌ನಿಂದ (ಗಿಟ್ ನಿಗಾ ಇಟ್ಟಿರುವ ಕಡತಗಳ ಪಟ್ಟಿಯಿಂದ) ತೆಗೆಯಬೇಕು. ಈ ಮಾತನ್ನು ಪದದೊಳಗೆ ತುರುಕದೆ ಅಡಿಟಿಪ್ಪಣಿಯಲ್ಲಿ ಹೇಳುವುದೇ ಲೇಸು.

ನಾನು ನಿರ್ಧರಿಸಲಾಗದೆ ಉಳಿದಿರುವುದು, ತಂತ್ರಾಂಶವು ಬಳಸುವ ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನು ದಾಖಲಿಸುವ ಲಾಕ್ ಫೈಲ್ ಒಂದೇ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತಂದು ಅಳವಡಿಸುವ ಎನ್‌ಪಿಎಂನ ‘ಪ್ಯಾಕೇಜ್-ಲಾಕ್.ಜೆಸನ್’ ಉಪಕರಣವೇ ಬರೆಯುವ ಕಡತವಾದರೂ ಅದನ್ನು ಕಮಿಟ್ ಮಾಡಬೇಕೆಂದೇ ಎನ್‌ಪಿಎಂ ಹೇಳುತ್ತದೆ; ಏಕೆಂದರೆ ‘ಪ್ಯಾಕೇಜ್.ಜೆಸನ್’ನಲ್ಲಿ ಬಹುಮಟ್ಟಿಗೆ ಆವೃತ್ತಿಗಳ ವ್ಯಾಪ್ತಿಯಷ್ಟೇ ಇರುತ್ತದೆ, ಅದರಿಂದ ನಾಳೆ ಹೊಸದಾಗಿ ಪಡೆದ ಲಾಕ್ ಫೈಲ್ ಇಂದಿನದರಂತೆಯೇ ಇರಬೇಕೆಂದಿಲ್ಲ. ಮೇಲಿನ ಲಕ್ಷಣದ ಪ್ರಕಾರ ಇದು ಜನ್ಯವಲ್ಲ, ಆದರೆ ಕೈಯಾರೆ ಬರೆದದ್ದೂ ಅಲ್ಲ. ಆವೃತ್ತಿಗಳನ್ನು ಗೊತ್ತುಪಡಿಸುವುದೇ ಇದರ ಕೆಲಸವಾದ್ದರಿಂದ ‘ನಿಗದಿ ಕಡತ’ ಎನ್ನಬಹುದೇ, ಅಥವಾ ‘ಲಾಕ್ ಕಡತ’ ಎಂದೇ ಉಳಿಸಿಕೊಳ್ಳುವುದು ಮೇಲೇ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.