ಎರಡನೇ ಬೆಳೆಯಿಲ್ಲದ ವರ್ಷದ ಲೆಕ್ಕವನ್ನು ಹೇಗೆ ಬರೆಯಬೇಕು?

ಕಾರಟಗಿಯ ರೈತ:
ಸ್ವಂತ ಆರು ಎಕರೆಗೆ ನಾಲ್ಕು ಎಕರೆ ಗುತ್ತಿಗೆ ಸೇರಿಸಿಕೊಂಡು ತುಂಗಭದ್ರಾ ಎಡದಂಡೆ ಕಾಲುವೆಯಡಿ ಭತ್ತ ಬೆಳೆಯುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ತಾತ್ಕಾಲಿಕ ಗೇಟು ಇಳಿಸಿದ್ದರಿಂದ ಆ ವರ್ಷ ಹೇಗೋ ದಾಟಿತು. ಆದರೆ 2025ರಲ್ಲಿ, 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ಸುಮಾರು 80 ಟಿಎಂಸಿಯನ್ನಷ್ಟೇ ನಿಲ್ಲಿಸಿದರು; 33 ಗೇಟುಗಳನ್ನೂ ಬದಲಿಸುವ ಕೆಲಸವಿದ್ದುದರಿಂದ ಎರಡನೇ ಬೆಳೆಗೆ ನೀರಿಲ್ಲವೆಂದಾಯಿತು. ಗುತ್ತಿಗೆಯನ್ನು ಎರಡು ಬೆಳೆಗೆಂದು ಮಾತಾಡಿದ್ದೆ, ಹೊಲದ ಒಡೆಯರು ಈಗ ಎರಡೂ ಬೆಳೆಯ ಗುತ್ತಿಗೆಯೆಂದು ಪೂರ್ತಿ ಭತ್ತದ ಚೀಲಗಳನ್ನು ಕೇಳುತ್ತಿದ್ದಾರೆ. ಮೊನ್ನೆ ವರ್ಷದ ಲೆಕ್ಕಕ್ಕೆ ಕುಳಿತರೆ ಗೊಬ್ಬರದಂಗಡಿಯ ಬಿಲ್ಲುಗಳ ಅಕ್ಷರ ಮಾಸಿ ಬರೀ ಬಿಳಿ ಕಾಗದ ಉಳಿದಿತ್ತು. ಹೀಗಿರುವಾಗ ಹೋದ ವರ್ಷವನ್ನು ಅಳೆಯುವುದು ಹೇಗೆ, ಬರುವ ವರ್ಷಕ್ಕೆ ಏನು ಹಾಕಿಕೊಳ್ಳುವುದು?

ಮಾನ್ವಿಯ ಅಕ್ಕ:
ತಮ್ಮಾ, ಕಾಲುವೆಯ ಕೆಳಭಾಗದವರಾದ ನಮಗೆ ನೀರು ಬಾರದ ವರ್ಷ ಹೊಸದಲ್ಲ. ಮೊದಲು ನೀರಿನಿಂದಾದ ನಷ್ಟವನ್ನೂ ನಿಮ್ಮ ಕೈಯಾರೆ ಆದ ಖರ್ಚನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆಯಿರಿ, ಇಲ್ಲದಿದ್ದರೆ ಎಲ್ಲ ತಪ್ಪೂ ಜಲಾಶಯದ ತಲೆಗೇ ಹೋಗುತ್ತದೆ. ಬಿಲ್ಲು ಮಾಸಿದ್ದರೂ ಗೋಡೆಯ ಕ್ಯಾಲೆಂಡರ್ ಇರಬೇಕಲ್ಲವೇ? ನಮ್ಮ ಮನೆಯಲ್ಲಿ ಕೂಲಿಯಾಳುಗಳ ಸಂಖ್ಯೆ, ಔಷಧಿ ಹೊಡೆದ ದಿನ, ಉದ್ರಿ ತಂದ ಮೊತ್ತ ಎಲ್ಲವನ್ನೂ ಅದರ ಚೌಕಗಳಲ್ಲಿಯೇ ಗೀಚಿಡುತ್ತೇವೆ. ಹೋದ ವರ್ಷ ಅದನ್ನು ತಿರುವಿ ನೋಡಿದಾಗ, ಮೂರನೇ ಮತ್ತು ನಾಲ್ಕನೇ ಸಿಂಪಡಣೆಯ ನಡುವೆ ಒಂಬತ್ತೇ ದಿನ ಇತ್ತು. ನಾಲ್ಕನೆಯದಕ್ಕೆ ಕಾರಣ ಹುಳುವಲ್ಲ, ಪಕ್ಕದ ಹೊಲದವರು ಹೊಡೆದರೆಂಬುದಷ್ಟೇ. ಮನೆಯವರ ದುಡಿಮೆಗೂ ಕೂಲಿ ಹಿಡಿಯಿರಿ. ಅದನ್ನು ಬಿಟ್ಟರೆ ಗುತ್ತಿಗೆ ಹೊಲ ಲಾಭದಂತೆ ಕಾಣಿಸುತ್ತದೆ.

ಬಳ್ಳಾರಿಯ ಹಿರಿಯರು:
ನಮಗೆ ವರ್ಷ ತಿರುಗುವುದು ಯುಗಾದಿಗೆ, ಆದ್ದರಿಂದ ಅವಸರವೇನಿಲ್ಲ. ಕಡಲೆ, ಬಿಳಿಜೋಳಗಳ ಬಿತ್ತನೆ ಹಿಂಗಾರಿನ ಹಸಿಯಲ್ಲಿ, ಅಕ್ಟೋಬರ್ ಹೊತ್ತಿಗೆ ಆಗಬೇಕಿತ್ತು. ಹೊಲ ಖಾಲಿ ಬಿದ್ದಿದೆಯೆಂಬ ಸಂಕಟಕ್ಕೆ ಈಗ ಒಣ ಎರೆಗೆ ಬೀಜ ಚೆಲ್ಲಬೇಡಿ. ಎರಡೂ ಬೆಳೆಗೆ ಕೆಸರಿನಲ್ಲಿಯೇ ಇರುತ್ತಿದ್ದ ಹೊಲ ಒಣಗಿರುವುದು ಅಪರೂಪ. ಮಣ್ಣು ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಹೊಲದ ಹತ್ತಾರು ಕಡೆ ಗೇಣುದ್ದ ಆಳದಿಂದ ಮಣ್ಣು ತೆಗೆದು ಬೆರೆಸಿ ಅರ್ಧ ಕಿಲೋ ಕಳುಹಿಸಿರಿ. ತಗ್ಗಿನ ಮಡಿಯ ಮಣ್ಣನ್ನು ಬೇರೆಯಾಗಿಯೇ ಇಡಿ, ಏಕೆಂದರೆ ಸವಳು, ಅಂದರೆ ಮಣ್ಣಿನ ಉಪ್ಪು, ಮೊದಲು ಕಾಣುವುದು ಅಲ್ಲಿಯೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಬಗ್ಗೆಯೇ ಸಂಶೋಧನೆ ನಡೆಯುತ್ತದೆ, ಅಲ್ಲಿಗೊಮ್ಮೆ ಹೋಗಿ ಬನ್ನಿ.

ಮುಂಗಾರಿಗೆ ಎರಡು ಎಕರೆಯಲ್ಲಾದರೂ ಕೂರಿಗೆ ಭತ್ತ, ಅಂದರೆ ನಾಟಿಯಿಲ್ಲದೆ ಕೂರಿಗೆಯಿಂದ ನೇರ ಬಿತ್ತುವ ಭತ್ತ, ಮಾಡಿ ನೋಡಿ. ಮಳೆಯ ಹಸಿಯಲ್ಲಿ ಬಿತ್ತಬಹುದಾದ್ದರಿಂದ ಕಾಲುವೆ ನೀರು ಬರಲಿ, ಕೆಸರು ಮಾಡೋಣ ಎಂದು ಕಾಯಬೇಕಿಲ್ಲ, ನಾಟಿಯ ಕೂಲಿಯೂ ಉಳಿಯುತ್ತದೆ. ಕಳೆಯ ಕಾಟ ಮಾತ್ರ ಹೆಚ್ಚು. ಮೊದಲ ತಿಂಗಳು ಕೈಬಿಟ್ಟರೆ ಉಳಿಸಿದ ಕೂಲಿಯೆಲ್ಲ ಕಳೆಗೇ ಹೋಗುತ್ತದೆ. ಗುತ್ತಿಗೆಯನ್ನು ಇನ್ನು ಮುಂದೆ ಬೆಳೆಗಿಷ್ಟು ಚೀಲವೆಂದು ಬರೆಸಿಕೊಳ್ಳಿ, ವರ್ಷಕ್ಕಿಷ್ಟೆಂದು ಬೇಡ.

ಕಾರಟಗಿಯ ರೈತ:
ಅಕ್ಕಾವರೇ, ಕ್ಯಾಲೆಂಡರ್ ಸಿಕ್ಕಿತು. ನನ್ನಾಕೆ ಹಾಲಿನ ಲೆಕ್ಕದ ಕೆಳಗೇ ಆಳುಗಳ ಲೆಕ್ಕವನ್ನೂ ಬರೆದಿಟ್ಟಿದ್ದಾಳೆ, ಆಗಸ್ಟ್ ಹಾಳೆ ಮಾತ್ರ ಹರಿದಿದೆ. ಅವಳ ದಿನಗಳನ್ನೂ ಸೇರಿಸಿ ಕೂಡಿದಾಗ ಗುತ್ತಿಗೆ ಹೊಲದಲ್ಲಿ ನನಗೆ ಏನೂ ಉಳಿದಿಲ್ಲ. ಹಿರಿಯರೇ, ಒಡೆಯರ ಬಳಿ ಈ ಹಾಳೆಗಳನ್ನೇ ಒಯ್ದು ಮಾತಾಡುತ್ತೇನೆ. ಒಪ್ಪದಿದ್ದರೆ ಆ ನಾಲ್ಕು ಎಕರೆ ಬಿಡುವುದು, ಸ್ವಂತದ್ದರಲ್ಲಿ ಎರಡು ಎಕರೆಗೆ ಕೂರಿಗೆ ಹಿಡಿಯುವುದು ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ತಗ್ಗಿನ ಮಡಿಯ ಮಣ್ಣನ್ನು ನಾಳೆ ಬೆಳಿಗ್ಗೆ ತೆಗೆಯುತ್ತೇನೆ.