ಅಗ್ಗದ ಪೈಪು ತಂಬಾಕನ್ನು ಮಾಗಿಸಲು ಕೂಡಿಡಬಹುದೇ? – ಅನುಭವ ಹಂಚಿಕೆ

ಪ್ರಶ್ನೆ (ಓಹಾಯೋದಿಂದ)

ಪೈಪು ಸೇದಲು ಆರಂಭಿಸಿ ಎರಡು ವರ್ಷವಾಯಿತು. ದುಬಾರಿ ಡಬ್ಬಿಗಳ ತಂಬಾಕನ್ನು ಐದು, ಹತ್ತು ವರ್ಷ ಮುಚ್ಚಿಟ್ಟರೆ ರುಚಿ ಹೆಚ್ಚುತ್ತದೆಂದು ಹಿರಿಯರು ಹೇಳುತ್ತಾರೆ. ಆದರೆ ನಾನು ಬಳಸುವುದು ಸಾಮಾನ್ಯ ಅಂಗಡಿಗಳಲ್ಲಿ ಸಿಗುವ ಪ್ರಿನ್ಸ್ ಆಲ್ಬರ್ಟ್, ಕಾರ್ಟರ್ ಹಾಲ್ ಮತ್ತು ತೂಕದ ಲೆಕ್ಕದಲ್ಲಿ ಮಾರುವ ಲೇನ್ ಕಂಪನಿಯ ಒನ್-ಕ್ಯೂ. ಇಂಥವನ್ನು ಜಾಡಿಗಳಲ್ಲಿ ತುಂಬಿಡಲು ಹಣವನ್ನೂ ಜಾಗವನ್ನೂ ವೆಚ್ಚ ಮಾಡುವುದು ಸಾರ್ಥಕವೇ? ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ (ನ್ಯೂಜೆರ್ಸಿಯಿಂದ)

ನಾನು 2011ರಿಂದ ಜಾಡಿಗಳಲ್ಲಿ ತಂಬಾಕು ತುಂಬಿಡುತ್ತ ಬಂದಿದ್ದೇನೆ; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಗ್ಗದವೇ. ಈ ಪ್ರಶ್ನೆಯನ್ನು ಬೆಲೆಯಿಂದ ಆರಂಭಿಸಿದರೆ ಉತ್ತರ ಸಿಗುವುದಿಲ್ಲ, ಎಲೆಯಿಂದ ಆರಂಭಿಸಬೇಕು ಎಂಬುದು ನಾನು ಕಂಡುಕೊಂಡ ಮಾತು. ಅಕ್ಕಿ ಹಳೆಯದಾದಷ್ಟೂ ಅನ್ನ ಚೆನ್ನಾಗಿ ಬಿಡಿಬಿಡಿಯಾಗುತ್ತದೆ, ಆದರೆ ಹುರಿದ ಕಾಫಿಪುಡಿ ಹಳೆಯದಾದರೆ ಘಮ ಹೋಗುತ್ತದೆ. ತಂಬಾಕಿನಲ್ಲಿಯೂ ಹಾಗೆಯೇ ಎರಡು ಜಾತಿಗಳಿವೆ.

ವರ್ಜೀನಿಯಾ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಮುಚ್ಚಿದ ಜಾಡಿಯೊಳಗೆ ಆ ಸಕ್ಕರೆಯು ಎಲೆಯ ಇತರ ಅಂಶಗಳೊಡನೆ ನಿಧಾನವಾಗಿ ಬೆರೆತು ಬದಲಾಗುವುದರಿಂದ ಬಣ್ಣ ಕಡುವಾಗುತ್ತದೆ, ಹೊಸ ತಂಬಾಕಿನಲ್ಲಿ ನಾಲಿಗೆಯನ್ನು ಚುಚ್ಚುವ ಖಾರ ತಗ್ಗುತ್ತದೆ, ಒಣದ್ರಾಕ್ಷಿಯನ್ನು ನೆನಪಿಸುವ ವಾಸನೆ ಮೂಡುತ್ತದೆ. ಪ್ರಿನ್ಸ್ ಆಲ್ಬರ್ಟ್ ಮುಖ್ಯವಾಗಿ ಬರ್ಲಿ ಎಲೆಯದು. ಬರ್ಲಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಹೊರಗಿನಿಂದ ಬೆರೆಸಿದ ಸಿಹಿಯನ್ನೂ ಪರಿಮಳವನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ, ಆದ್ದರಿಂದಲೇ ಅಮೆರಿಕದ ಹಳೆಯ ಅಗ್ಗದ ಮಿಶ್ರಣಗಳಲ್ಲಿ ಅದಕ್ಕೆ ಅಷ್ಟು ದೊಡ್ಡ ಸ್ಥಾನ.

2012ರ ಚಳಿಗಾಲದಲ್ಲಿ ನಾನು ಒಂದೇ ದಿನ ನಾಲ್ಕು ಜಾಡಿ ಪ್ರಿನ್ಸ್ ಆಲ್ಬರ್ಟ್ ಮತ್ತು ನಾಲ್ಕು ಜಾಡಿ ಪೀಟರ್ ಸ್ಟೊಕೆಬಿಯವರ ಲಕ್ಷುರಿ ನೇವಿ ಫ್ಲೇಕ್ ತುಂಬಿಸಿ, ಪ್ರತಿಯೊಂದರ ಮೇಲೂ ತಾರೀಖು ಬರೆದು, ಒಂದು, ಮೂರು, ಐದು ಮತ್ತು ಒಂಬತ್ತನೆಯ ವರ್ಷಗಳಲ್ಲಿ ಒಂದೊಂದಾಗಿ ತೆರೆದು ನೋಡಿದೆ. ಎರಡನೆಯದು ವರ್ಜೀನಿಯಾಕ್ಕೆ ಲೂಯಿಸಿಯಾನದ ಪೆರೀಕ್ ಎಲೆ ಸೇರಿಸಿ, ಒತ್ತಿ ತೆಳುವಾಗಿ ಸೀಳಿದ ತಂಬಾಕು; ತೂಕದ ಲೆಕ್ಕದಲ್ಲಿ ಕೊಂಡರೆ ಡಬ್ಬಿಗಳಿಗಿಂತ ಬಹಳ ಅಗ್ಗ. ಅದು ಮೂರನೆಯ ವರ್ಷಕ್ಕೇ ಬೇರೆಯ ತಂಬಾಕಾಗಿತ್ತು, ಒಂಬತ್ತನೆಯ ವರ್ಷದ ಜಾಡಿ ನಾನು ಈವರೆಗೆ ಸೇದಿದ ಉತ್ತಮವಾದವುಗಳಲ್ಲಿ ಒಂದು. ಪ್ರಿನ್ಸ್ ಆಲ್ಬರ್ಟ್ ಮಾತ್ರ ಒಂದನೆಯ ವರ್ಷಕ್ಕೂ ಐದನೆಯ ವರ್ಷಕ್ಕೂ ಹೆಚ್ಚು ವ್ಯತ್ಯಾಸ ತೋರಲಿಲ್ಲ. ತುಸು ಮೃದುವಾಯಿತು, ಅಷ್ಟೆ. ಒಂಬತ್ತನೆಯ ವರ್ಷಕ್ಕೆ ಅದರ ಮೇಲ್ಪರಿಮಳ ಮಸುಕಾಗಿ, ಬರ್ಲಿಯ ಒಣಬೀಜದಂಥ ರುಚಿ ಮಾತ್ರ ಉಳಿದಿತ್ತು. ನನಗೆ ಅದು ಇಷ್ಟವಾಯಿತು. ಆ ಪರಿಮಳಕ್ಕಾಗಿಯೇ ಕೊಳ್ಳುವವರಿಗೆ ಆಗಲಾರದು.

ಕಾರ್ಟರ್ ಹಾಲ್‌ನಲ್ಲಿ ಬರ್ಲಿಯ ಜೊತೆಗೆ ವರ್ಜೀನಿಯಾವೂ ಇರುವುದರಿಂದ ಎರಡು ಮೂರು ವರ್ಷ ಇಟ್ಟರೆ ಸ್ವಲ್ಪ ಲಾಭವಿದೆ. ಒನ್-ಕ್ಯೂ ವೆನಿಲ್ಲಾ ಪರಿಮಳದ ಕ್ಯಾವೆಂಡಿಶ್ (ಶಾಖ ಕೊಟ್ಟು ಒತ್ತಿ ಹದಗೊಳಿಸಿದ ಎಲೆ) ಮಿಶ್ರಣ. ನನ್ನ ಬಳಿ ಆರು ವರ್ಷ ಇದ್ದ ಒನ್-ಕ್ಯೂ ಆರು ವರ್ಷದ ಹಿಂದಿನಂತೆಯೇ ಇತ್ತು. ಕೆಡಲಿಲ್ಲ, ಮಾಗಲೂ ಇಲ್ಲ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಸಿಗರೇಟು ಸುತ್ತಿಕೊಳ್ಳುವ ತಂಬಾಕಿನ ತೆರಿಗೆಯನ್ನು ಪೌಂಡಿಗೆ 24.78 ಡಾಲರಿಗೆ ಏರಿಸಿತು, ಆದರೆ ಪೈಪು ತಂಬಾಕಿನ ತೆರಿಗೆ ಏರಿದರೂ ಪೌಂಡಿಗೆ ಸುಮಾರು 2.83 ಡಾಲರಿಗೇ ನಿಂತಿತು. ಅಂದಿನಿಂದ ಸುತ್ತುವುದಕ್ಕೆಂದೇ ಸಣ್ಣಗೆ ಕತ್ತರಿಸಿದ ತಂಬಾಕು ದೊಡ್ಡ ಚೀಲಗಳಲ್ಲಿ ‘ಪೈಪು ತಂಬಾಕು’ ಎಂಬ ಹೆಸರು ಹೊತ್ತು ಬರುತ್ತಿದೆ. ಅತಿ ಅಗ್ಗವೆಂದು ಅಂಥ ಚೀಲಗಳನ್ನು ಕೊಂಡು ಹತ್ತು ವರ್ಷ ಕಾಯಬೇಡಿ. ಪೈಪಿನಲ್ಲಿ ಅದು ಬೇಗ ಉರಿದು ಬಿಸಿಯಾಗುತ್ತದೆ, ಕಾಲ ಕಳೆದರೂ ಆ ಗುಣ ಬದಲಾಗುವುದಿಲ್ಲ.

ಉತ್ತರ (ಪಿರಿಯಾಪಟ್ಟಣದಿಂದ)

ನಾನು ಪೈಪು ಸೇದುವವನಲ್ಲ, ಆದರೆ ನಮ್ಮದು ಮೂರು ತಲೆಮಾರಿನಿಂದ ಹೊಗೆಸೊಪ್ಪು ಬೆಳೆಯುವ ಮನೆ. ಹಿಂದಿನ ಉತ್ತರದಲ್ಲಿ ಹೇಳಿದ ಸಕ್ಕರೆಯ ಮಾತಿಗೆ ನಮ್ಮ ಕಡೆಯ ವಿವರವನ್ನು ಸೇರಿಸಬಯಸುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ನಾವು ಬೆಳೆಯುವುದು ವರ್ಜೀನಿಯಾ. ಗಿಡದಿಂದ ಮುರಿದ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಒಣಗಿಸುವ ಮನೆಯಾದ ಬ್ಯಾರನ್‌ಗೆ ಏರಿಸಿ, ಮೊದಲು 40 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಹಳದಿಗೆ ತಿರುಗಿಸಿ, ಆಮೇಲೆ ಹಂತಹಂತವಾಗಿ ಶಾಖ ಏರಿಸುತ್ತ, ಕೊನೆಗೆ ಎಲೆಯ ನಡುನರ ಒಣಗಲು ಸುಮಾರು 70 ಡಿಗ್ರಿಯವರೆಗೆ ಒಯ್ಯುತ್ತೇವೆ. ಎಲ್ಲ ಸೇರಿ ಐದಾರು ದಿನದ ಕೆಲಸ. ಹಳದಿಗೆ ತಿರುಗುವಾಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲಿನ ಶಾಖ ಎಲೆಯ ಜೀವವನ್ನು ನಿಲ್ಲಿಸುವುದರಿಂದ ಆ ಸಕ್ಕರೆ ಅಲ್ಲಿಯೇ ಉಳಿದುಕೊಳ್ಳುತ್ತದೆ. ಬರ್ಲಿಯನ್ನು ಹಾಗಲ್ಲದೆ ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕಿ ಗಾಳಿಗೆ ಒಣಗಿಸುತ್ತಾರೆ. ಅಷ್ಟು ದಿನ ಜೀವದಿಂದಿರುವ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ.

ಇನ್ನೊಂದು ಸಂಗತಿಯನ್ನೂ ತಾವು ಗಮನಿಸಬೇಕು. ಹರಾಜಿನಲ್ಲಿ ನಮ್ಮ ಬೇಲುಗಳನ್ನು (ಸೊಪ್ಪಿನ ಮೂಟೆಗಳನ್ನು) ಕೊಂಡ ಕಂಪನಿಗಳು ಆ ಸೊಪ್ಪನ್ನು ಮತ್ತೆ ಒಣಗಿಸಿ, ಹದವಾದ ತೇವದಲ್ಲಿ ಕಟ್ಟಿ, ಸಾಮಾನ್ಯವಾಗಿ ಒಂದೆರಡು ವರ್ಷ ಗೋದಾಮಿನಲ್ಲಿಟ್ಟ ನಂತರವೇ ಬಳಸುತ್ತವೆ. ಹೀಗಾಗಿ ಎಷ್ಟೇ ಅಗ್ಗದ ಚೀಲವಾದರೂ ಅದರೊಳಗಿನ ಎಲೆ ಹಸಿಯಲ್ಲ. ಮಾಗಿದ ತಂಬಾಕು ಗಂಟಲಿಗೆ ಮೃದುವೆನಿಸಿದರೂ ಅದರಿಂದ ದೇಹಕ್ಕಾಗುವ ಹಾನಿ ಕಡಿಮೆಯಾಗುವುದಿಲ್ಲ ಎಂಬುದನ್ನು, ಬೆಳೆಯುವವನಾಗಿಯೇ, ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಉತ್ತರ (ಮಂಗಳೂರಿನಿಂದ)

ನನ್ನ ಅನುಭವ ನಷ್ಟದ್ದು. ಅಮೆರಿಕದಿಂದ ಬರುವಾಗ ಮಗ ತಂದ ಸುಮಾರು ಕಾಲು ಕಿಲೋ ತಂಬಾಕನ್ನು ಬಾಯಿಯನ್ನು ಒತ್ತಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿಯೇ ಬಿಟ್ಟಿದ್ದೆ. ಬೇಸಿಗೆಯಲ್ಲಿ ಅದು ಒಣಗಿತೆಂದು ಯಾರೋ ಹೇಳಿದಂತೆ ಸೇಬಿನ ಒಂದು ಹೋಳನ್ನು ಒಳಗಿಟ್ಟೆ. ಜುಲೈ ಹೊತ್ತಿಗೆ ಬಿಳಿಯ ನೂಲಿನಂಥ ಬೂಷ್ಟು ಹಬ್ಬಿ, ಮುಗ್ಗಲು ವಾಸನೆ ಬಂದು ಎಲ್ಲವನ್ನೂ ಎಸೆಯಬೇಕಾಯಿತು. ಪ್ಲಾಸ್ಟಿಕ್ ಚೀಲ ತಿಂಗಳುಗಳು ಕಳೆದಂತೆ ತೇವವನ್ನೂ ಪರಿಮಳವನ್ನೂ ಬಿಟ್ಟುಕೊಡುತ್ತದೆ. ಹಣ್ಣಿನ ಹೋಳು ಬೂಷ್ಟನ್ನು ಕರೆದು ತರುತ್ತದೆ. ಕರಾವಳಿಯಲ್ಲಿರುವವರು ಗಾಜಿನ ಜಾಡಿಯ ಹೊರತು ಬೇರೇನನ್ನೂ ನಂಬಬಾರದು. ಆ ಜಾಡಿಯನ್ನೂ ಉಪ್ಪಿನಕಾಯಿ ಭರಣಿಯಂತೆ ಕುದಿಯುವ ನೀರಿನಲ್ಲಿ ತೊಳೆದು ಒಂದು ಹನಿಯೂ ಉಳಿಯದಂತೆ ಒಣಗಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ನಾನು ಎಷ್ಟನ್ನು ತುಂಬಿಡಲಿ? ಒಣಗಿ ಗರಿಗರಿಯಾಗಿರುವ ಒಂದು ಹಳೆಯ ಕಾರ್ಟರ್ ಹಾಲ್ ಚೀಲವೂ ಇದೆ, ಅದನ್ನು ಉಳಿಸಬಹುದೇ?

ಉತ್ತರ (ನ್ಯೂಜೆರ್ಸಿಯಿಂದ)

ಪ್ರಿನ್ಸ್ ಆಲ್ಬರ್ಟ್ ಮತ್ತು ಒನ್-ಕ್ಯೂಗಳನ್ನು ಮಾಗಿಸುವ ಉದ್ದೇಶದಿಂದ ಕೂಡಿಡಬೇಡಿ, ಆದರೆ ನಿಮಗೆ ನಿಜವಾಗಿಯೂ ಪ್ರಿಯವಾದುದನ್ನು ಒಂದೆರಡು ವರ್ಷಕ್ಕೆ ಸಾಲುವಷ್ಟು ಇಟ್ಟುಕೊಳ್ಳಿ. ಕನ್ಸಾಸ್ ಸಿಟಿಯ ಮೆಕ್‌ಕ್ಲೆಲೆಂಡ್ ಕಂಪನಿ 2018ರಲ್ಲಿ ಮುಚ್ಚಿಹೋದಾಗ ಅದರ ತಂಬಾಕನ್ನೇ ನೆಚ್ಚಿಕೊಂಡಿದ್ದ ನನ್ನ ಗೆಳೆಯರೊಬ್ಬರ ಬಳಿ ಎರಡೇ ಡಬ್ಬಿಗಳಿದ್ದವು; ಆಮೇಲೆ ಮಾರುವವರು ಕೇಳಿದ ಬೆಲೆಗೆ ಕೊಳ್ಳಲು ಅವರಿಗೆ ಆಗಲಿಲ್ಲ. ಮಾಗಿಸುವುದಕ್ಕಾದರೆ ತೂಕಕ್ಕೆ ಸಿಗುವ ವರ್ಜೀನಿಯಾ ಒಂದು ಪೌಂಡು ಕೊಂಡು, ಅರ್ಧ ಲೀಟರಿನಷ್ಟು ಹಿಡಿಯುವ ನಾಲ್ಕು ಜಾಡಿಗಳಲ್ಲಿ ತಲಾ 110 ಗ್ರಾಂನಂತೆ ತುಂಬಿ, ಬಿಸಿಲು ತಾಗದ, ಶಾಖ ಹೆಚ್ಚು ಏರಿಳಿಯದ ಕಪಾಟಿನಲ್ಲಿಡಿ. ಚಿಕ್ಕ ಜಾಡಿಗಳೇ ಮೇಲು, ಏಕೆಂದರೆ ಒಂದನ್ನು ತೆರೆದಾಗ ಉಳಿದವುಗಳಿಗೆ ತೊಂದರೆಯಾಗುವುದಿಲ್ಲ.

ಒಣಗಿದ ಕಾರ್ಟರ್ ಹಾಲನ್ನು ಅಗಲವಾದ ಬಟ್ಟಲಿನಲ್ಲಿ ಹರಡಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯನ್ನು ತಂಬಾಕಿಗೆ ತಾಗದಂತೆ ಬಟ್ಟಲಿನ ಬಾಯಿಗೆ ಬಿಗಿದು, ಗಂಟೆಗೊಮ್ಮೆ ಕೈಯಾಡಿಸಿ ನೋಡುತ್ತಿರಿ. ಚಿಟಿಕೆಯಷ್ಟನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಪುಡಿಯಾಗದೆ, ಉಂಡೆಯಾಗಿಯೂ ಉಳಿಯದೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಬಂದಿದೆಯೆಂದು ತಿಳಿಯಿರಿ. ಹೋದ ಪರಿಮಳ ಮರಳುವುದಿಲ್ಲ. ಆದ್ದರಿಂದ ಅದನ್ನು ಜಾಡಿಗೆ ಹಾಕದೆ ಈ ತಿಂಗಳೇ ಸೇದಿ ಮುಗಿಸಿ.