ಕಸ್ಟಮ್ಸ್‌ನವ್ರು ಹಿಡಿದ ವಿದೇಶಿ ಅಡಿಕೆ ಕೋರ್ಟಿಂದ ಹೊರಗೆ ಬರೋದು ಹೇಗೆ?

ತೋಟದಮನೆ:
ಕೊಪ್ಪದ ಕಡೆ ಸಣ್ಣ ಬೆಳೆಗಾರ ನಾನು. ಪೇಪರ್‌ನಲ್ಲಿ ಇಷ್ಟು ಟನ್ ವಿದೇಶಿ ಅಡಿಕೆ ಹಿಡಿದ್ರು ಅಂತ ಓದ್ತೀವಿ, ಆಮೇಲೆ ಮಂಡೀಲಿ ಕೇಳಿದ್ರೆ ಕೋರ್ಟ್ ಆರ್ಡರ್ ತಂದು ಬಿಡಿಸ್ಕೊಂಡ್ರಂತೆ ಅಂತಾರೆ. ಕೆಜಿಗೆ 351 ರೂಪಾಯಿಗಿಂತ ಕಮ್ಮಿ ಬೆಲೆದು ತರೋ ಹಾಗೇ ಇಲ್ಲ ಅಂತ 2023ರಲ್ಲೇ ಆದೇಶ ಆಗಿದೆ, ಮೇಲೆ 100 ಪರ್ಸೆಂಟ್ ಡ್ಯೂಟಿ ಬೇರೆ, ಹಾಗಿದ್ಮೇಲೆ ಹಿಡಿದ ಮಾಲನ್ನ ಯಾವ ಕಾನೂನಲ್ಲಿ ಬಿಡ್ತಾರೆ? ಕೊಳೆ, ಎಲೆಚುಕ್ಕಿ ರೋಗ ಎಲ್ಲಾ ದಾಟಿ ರಾಶಿ ಇಡಿ (ಕೆಂಪಡಿಕೆ) ಮಾಡಿ ಮಂಡಿಗೆ ಹಾಕೋ ಹೊತ್ತಿಗೆ ರೇಟ್ ಬಿದ್ರೆ ಹೊಟ್ಟೆ ಉರಿಯುತ್ತೆ. ತಿಳಿದವ್ರು ಬಿಡಿಸಿ ಹೇಳಿ.

ಹಾರ್ಬರ್‌ಹುಡುಗ:
ಸರ್ ನಾನು ಚೆನ್ನೈಲಿ ಕಸ್ಟಮ್ಸ್ ಬ್ರೋಕರ್ ಆಫೀಸಲ್ಲಿರೋದು. ಮುಕ್ಕಾಲು ಪಾಲು ಜಗಳ ಮಾಲು ಟ್ಯಾರಿಫ್‌ನ, ಅಂದ್ರೆ ಸುಂಕದ ಪಟ್ಟಿಯ, ಯಾವ ಅಧ್ಯಾಯಕ್ಕೆ ಸೇರುತ್ತೆ ಅನ್ನೋದ್ರಲ್ಲೇ. ಬರೀ ಒಣಗಿಸಿದ ಅಡಿಕೆ ಟ್ಯಾರಿಫ್‌ನ 8ನೇ ಅಧ್ಯಾಯ, 351ರ ರೂಲ್ ಇದ್ದಿದ್ದು ಅದಕ್ಕೆ. ಹುರಿದ ಅಡಿಕೆ ಅಂತ ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ಘೋಷಣೆ ಪತ್ರ) ಹಾಕಿದ್ರೆ 20ನೇ ಅಧ್ಯಾಯ, ಅಲ್ಲಿ ಕನಿಷ್ಠ ಬೆಲೆನೇ ಇರ್ಲಿಲ್ಲ. 2025 ಏಪ್ರಿಲ್ 2ಕ್ಕೆ ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯ) ಅದಕ್ಕೂ 351 ಹಾಕ್ತು, ಇದು ಎಷ್ಟೋ ಮೊದ್ಲೇ ಆಗ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಅನುಮಾನ ಬಂದ್ರೆ ಕಂಟೇನರ್ ತೆಗೆಸಿ, ಚೀಲದಿಂದ ಸ್ಯಾಂಪಲ್ ತೆಗೆದು, ಮಹಜರ್ ಬರೆದು, ಸೀಲ್ ಹಾಕಿ ಲ್ಯಾಬ್‌ಗೆ ಕಳಿಸ್ತಾರೆ. ನೀವು ಅಡಕತ್ತರೀಲಿ ಹೋಳು ಮಾಡಿದ ತಕ್ಷಣ ಹುರಿದಿದ್ದೋ ಬರೀ ಒಣಗಿಸಿದ್ದೋ ಹೇಳ್ಬಿಡ್ತೀರ, ಆದ್ರೆ ಕೋರ್ಟ್ ಮುಂದೆ ಲ್ಯಾಬ್ ರಿಪೋರ್ಟೇ ನಿಲ್ಲೋದು.

ವಕಾಲತ್ತು:
ಕಾನೂನು ನಾನು ಹೇಳ್ತೀನಿ. 1962ರ ಕಸ್ಟಮ್ಸ್ ಆಕ್ಟ್ ಸೆಕ್ಷನ್ 110ರಲ್ಲಿ ಸೀಜ್ ಮಾಡಿದ್ರೆ 6 ತಿಂಗಳೊಳಗೆ ಸೆಕ್ಷನ್ 124ರ ಕೆಳಗೆ ಮಾಲು ಯಾಕೆ ಜಪ್ತಿ ಮಾಡ್ಬಾರ್ದು ಅಂತ ನೋಟಿಸ್ ಕೊಡ್ಲೇಬೇಕು, ಕಮಿಷನರ್ ಕಾರಣ ಬರೆದು, ಅವಧಿ ಮುಗಿಯೋ ಮೊದ್ಲೇ ತಿಳಿಸಿ ಇನ್ನೊಂದು 6 ತಿಂಗಳು ಮುಂದುವರಿಸ್ಬಹುದು, ಎರಡೂ ಆಗ್ಲಿಲ್ಲ ಅಂದ್ರೆ ಮಾಲು ವಾಪಸ್ ಕೊಡ್ಬೇಕು, ಕೇಸ್ ಮಾತ್ರ ನಡೀತಾ ಇರುತ್ತೆ. ಎಷ್ಟೋ ಸಲ ಇಲಾಖೆ ಸೋಲೋದು ಈ ತಾರೀಖಿನಲ್ಲೇ. ಇನ್ನೊಂದು ದಾರಿ 110ಎ, ಬಾಂಡು ಸೆಕ್ಯುರಿಟಿ ಕೊಟ್ಟು ತಾತ್ಕಾಲಿಕವಾಗಿ ಬಿಡಿಸ್ಕೊಳ್ಳೋದು. ಕಮಿಷನರ್ ಕೊಡ್ಲಿಲ್ಲ ಅಂದ್ರೆ ಅಥವಾ ಷರತ್ತು ಜಾಸ್ತಿ ಆಯ್ತು ಅಂದ್ರೆ ಟ್ರಿಬ್ಯುನಲ್‌ಗೋ ಹೈಕೋರ್ಟ್‌ಗೋ ಹೋಗ್ತಾರೆ. ಹಾಗೆ ಬಿಟ್ಟ ಮಾಲು ನೇರ ಮಾರ್ಕೆಟ್‌ಗೇ ಹೋಗುತ್ತೆ, ಆಮೇಲೆ ಕೇಸ್ ಯಾರು ಗೆದ್ರೂ ಅಡಿಕೆ ಅಂತೂ ವಾಪಸ್ ಬರಲ್ಲ.

ಪೀಣ್ಯಪಾರ್ಟ್ಸ್:
ಇನ್ನೊಂದು ಕಡೇದೂ ಸ್ವಲ್ಪ ಕೇಳಿ. ನಾವು ಮಷಿನ್ ಪಾರ್ಟ್ಸ್ ತರಿಸೋರು. ಸೀಜೂ ಮಾಡ್ದೆ, ಬಿಡ್ದೇನೂ ಸುಮ್ನೆ ಡಿಟೆನ್ಷನ್ ಅಂತ ನಿಲ್ಸಿದ್ರೆ ದಿನಾ ಡೆಮರೇಜ್ (ಮಾಲು ಬಂದರಲ್ಲಿ ಉಳಿದಿದ್ದಕ್ಕೆ ಬೀಳೋ ಬಾಡಿಗೆ) ಏರುತ್ತೆ. ಕಸ್ಟಮ್ಸ್ ತಪ್ಪು ಇದ್ರೂ ಡೆಮರೇಜ್ ಆಮದುದಾರನೇ ಕಟ್ಬೇಕು ಅಂತ ಗ್ರ್ಯಾಂಡ್ ಸ್ಲ್ಯಾಮ್ ಕೇಸಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2009ರ ರೆಗ್ಯುಲೇಷನ್ ಬಂದ್ಮೇಲೆ ತಡೆದಿಟ್ಟ ಮಾಲಿಗೆ ಬಾಡಿಗೆ ತಗೋಬಾರ್ದು ಅಂತ ಇದೆ, ಆದ್ರೂ ಮಾಲು ತಡೆದಿಟ್ಟಿದ್ದು ನಿಜ ಅಂತ ಕಸ್ಟಮ್ಸ್‌ನಿಂದ ಸರ್ಟಿಫಿಕೇಟ್ ತಗೊಳ್ಳೋಕೆ, ಅದನ್ನ ಗೋಡೌನ್‌ನವ್ರು ಒಪ್ಪೋ ಹಾಗೆ ಮಾಡೋಕೆ ಮತ್ತೆ ಓಡಾಟ. ಕೋರ್ಟ್ ಬಾಗಿಲು ಪೂರ್ತಿ ಮುಚ್ಚಿದ್ರೆ ನಮ್ಮಂಥವ್ರು ಎಲ್ಲಿಗೆ ಹೋಗ್ಬೇಕು?

ತೋಟದಮನೆ:
ನಿಮ್ಮ ಕಷ್ಟ ಅರ್ಥ ಆಗುತ್ತೆ ಸರ್, ಬಾಗಿಲು ಮುಚ್ಚಿ ಅಂತ ನಾನೂ ಹೇಳ್ತಿಲ್ಲ. ಆದ್ರೆ ಅಡಿಕೆ ವಿಷಯದಲ್ಲಿ ರೈತರ ಕಡೆ ನಿಲ್ಲೋ ತೀರ್ಪು ಒಂದೂ ಇಲ್ವಾ ವಕೀಲ್ರೇ?

ವಕಾಲತ್ತು:
ಬಟಾಣಿ ಕೇಸ್ ಇದೆ ನೋಡಿ, ರಾಜ್ ಗ್ರೋ ಇಂಪೆಕ್ಸ್, 2021 ಜೂನ್. ಆಮದಿಗೆ ಮಿತಿ ಹಾಕಿದ್ರೂ ಹೈಕೋರ್ಟ್ ಮಧ್ಯಂತರ ಆದೇಶ ಹಿಡ್ಕೊಂಡು ಮಾಲು ತಂದಿದ್ರು. ಕಸ್ಟಮ್ಸ್ ಆಕ್ಟ್ ಸೆಕ್ಷನ್ 125ರ ಪ್ರಕಾರ ದಂಡ ಕಟ್ಟಿಸ್ಕೊಂಡು ಬಿಡಿ ಅನ್ನೋ ವಾದನ ಸುಪ್ರೀಂ ಕೋರ್ಟ್ ಒಪ್ಲಿಲ್ಲ, ಇಲ್ಲಿನ ರೈತರ ಹಿತಕ್ಕೇ ಮಿತಿ ಹಾಕಿರೋದು, ಅಂಥ ಮಾಲು ಮಾರ್ಕೆಟ್‌ಗೆ ಬಂದ್ರೆ ಆ ಉದ್ದೇಶನೇ ಕೆಡುತ್ತೆ ಅಂತ ಪೂರ್ತಿ ಜಪ್ತಿಗೆ ಹೇಳ್ತು. ಅಡಿಕೆಗೂ ಇದೇ ವಾದ ಗಟ್ಟಿಯಾಗಿ ಕೂರುತ್ತೆ, ಇಲಾಖೆ ವಕೀಲರು ಮೊದಲ ದಿನವೇ ಎತ್ಬೇಕು ಅಷ್ಟೇ. ನೀವು ಕ್ಯಾಂಪ್ಕೋ, ಮ್ಯಾಮ್ಕೋಸ್‌ನಂಥ ಅಡಿಕೆ ಬೆಳೆಗಾರರ ಸಹಕಾರ ಸಂಘಗಳ ಕಡೆಯಿಂದ ನಿಮ್ಮ ಎಂಪಿ ಹತ್ರ ಪಾರ್ಲಿಮೆಂಟಲ್ಲಿ ಪ್ರಶ್ನೆ ಹಾಕ್ಸಿ. ಎಷ್ಟು ಟನ್ ಹಿಡಿದ್ರು ಅಂತ ಮಾತ್ರ ಬೇಡ, ಎಷ್ಟಕ್ಕೆ 6 ತಿಂಗಳೊಳಗೆ ನೋಟಿಸ್ ಹೋಯ್ತು, 110ಎ ಕೆಳಗೆ ಎಷ್ಟು ಬಿಟ್ರು, ಜಪ್ತಿ ಆಗಿದ್ದನ್ನ ನಾಶ ಮಾಡಿದ್ರಾ ಇಲ್ಲ ಹರಾಜು ಹಾಕಿ ಇಲ್ಲೇ ಮಾರಿದ್ರಾ, ಇಷ್ಟೂ ಕೇಳ್ಸಿ.